ಮಹಾಧರ್ಮಾಧ್ಯಕ್ಷರ ಪೀಠಕ್ಕೆ ಹಾರೋಬೆಲೆಯಿಂದ ದಾರಿ ಇಲ್ಲವೇ?

ನಮ್ಮವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಎಪ್ಪತ್ತೆಂಟು ವರ್ಷ ಬದುಕಿದಳು. ಕನಕಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಕಾಟನ್‌ಪೇಟೆಯಲ್ಲಿ ಅಪ್ಪನ ಪ್ರೆಸ್ಸಿನ ಹಿಂದಿದ್ದ ಎರಡು ಕೋಣೆಯಲ್ಲಿ ಸಂಸಾರ ಮಾಡಿ, ನಾಲ್ಕು ಮಕ್ಕಳನ್ನು ಸಾಕಿದಳು. ಕನ್ನಡದಲ್ಲೇ ಜಪಸರ ಹೇಳಿದಳು, ಕನ್ನಡದಲ್ಲೇ ನಮ್ಮನ್ನು ಬೈದಳು, ಕನ್ನಡದಲ್ಲೇ ಪಾಪನಿವೇದನೆ ಮಾಡಿದಳು. ಸತ್ತ ದಿನ ಅವಳ ಪೆಟ್ಟಿಗೆಯ ಮುಂದೆ ನಡೆದ ಬಲಿಪೂಜೆ ಮಾತ್ರ ಇಂಗ್ಲಿಷಿನಲ್ಲಿ!

"ಕನ್ನಡದ ಗುರುಗಳು ಇವತ್ತು ಊರಲ್ಲಿಲ್ಲ. ಇಂಗ್ಲಿಷ್ ಎಲ್ಲರಿಗೂ ಅರ್ಥ ಆಗುತ್ತಲ್ಲ ಬ್ರದರ್" ಎಂದರು ಆ ಧರ್ಮಕೇಂದ್ರದ ಗುರುಗಳು. ಎಲ್ಲರಿಗೂ ಅಂದರೆ ಯಾರಿಗೆ ಸ್ವಾಮಿ? ಊರಿಂದ ಟೆಂಪೋ ಮಾಡಿಕೊಂಡು ಬಂದಿದ್ದ ನಲವತ್ತು ಜನ ಎಲ್ಲಿ ಏಳಬೇಕು, ಎಲ್ಲಿ ಮಂಡಿಯೂರಬೇಕು, ಯಾವುದಕ್ಕೆ ಉತ್ತರ ಹೇಳಬೇಕು ಎಂದು ತಿಳಿಯದೆ ಮುಂದಿನ ಬೆಂಚಿನವರ ಬೆನ್ನು ನೋಡಿಕೊಂಡು ಎದ್ದು ಕೂತು ಮಾಡಿದರು. ಮಣ್ಣು ಮುಗಿಸಿ ಬರುವಾಗ ನಮ್ಮ ಚಿಕ್ಕವ್ವ ಕೇಳಿದಳು: "ಸಾಮೇರು ನಮ್ಮಕ್ಕನ ಹೆಸರಾದ್ರೂ ಹೇಳಿದ್ರಾ ಮಗ?"

ಆ ಧರ್ಮಕೇಂದ್ರದ ಹೆಸರನ್ನು ನಾನು ಬರೆಯುವುದಿಲ್ಲ. ಆ ಗುರುಗಳ ಮೇಲೆ ಸಿಟ್ಟೂ ಇಲ್ಲ. ಪಾಪ, ಅವರನ್ನು ಎಲ್ಲಿಗೆ ಹಾಕಿದರೋ ಅಲ್ಲಿ ಕೆಲಸ ಮಾಡುತ್ತಿದ್ದಾರೆ. ನನ್ನ ಸಿಟ್ಟು ಅವರನ್ನು ಅಲ್ಲಿಗೆ ಹಾಕುವ ಪೀಠದ ಮೇಲೆ, ಆ ಪೀಠದಲ್ಲಿ ಯಾರು ಕೂರಬೇಕೆಂದು ತೀರ್ಮಾನಿಸುವ ಮುಚ್ಚಿದ ಬಾಗಿಲಿನ ಮೇಲೆ.

ಕನ್ನಡದ ಯುವಕರೇ, ಚರ್ಚ್ ಅಂದರೆ ಇಂಗ್ಲಿಷಿನವರದ್ದು, ಇಲ್ಲವೇ ತಮಿಳರದ್ದು ಎಂದು ನಿಮ್ಮಲ್ಲಿ ಬಹಳ ಮಂದಿ ತಿಳಿದಿದ್ದೀರಿ. ನಮ್ಮ ಅಂಗಡಿಗೆ ರಾಜ್ಯೋತ್ಸವದ ರಸೀದಿ ಪುಸ್ತಕ ಮಾಡಿಸಲು ಬರುವ ಹುಡುಗರೇ ಗೋಡೆಯ ಮೇಲಿನ ಶಿಲುಬೆ ನೋಡಿ "ಅಣ್ಣಾ, ನೀವು ಕನ್ನಡದವರಾ?" ಎಂದು ಕೇಳುತ್ತಾರೆ. ಕೇಳಲಿ. ಉತ್ತರ ನನ್ನ ಹತ್ತಿರ ಇದೆ. ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಿಂದ ಆಳುತ್ತಿದ್ದಾಗ, 17ನೇ ಶತಮಾನದ ನಡುವಿನಲ್ಲಿ, ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಅಲ್ಲಿಗೆ ಬಂದ. ಬಂದವನು ನಮಗೆ ಲ್ಯಾಟಿನ್ ಕಲಿಸಲಿಲ್ಲ, ತಾನು ಕನ್ನಡ ಕಲಿತ. ಧರ್ಮದ ಪುಸ್ತಕಗಳನ್ನು ಕನ್ನಡದಲ್ಲೇ ಬರೆದ, ಕನ್ನಡಕ್ಕೆ ವ್ಯಾಕರಣವನ್ನೂ ನಿಘಂಟನ್ನೂ ಮಾಡಿದ. ಕನಕಪುರ ತಾಲೂಕಿನ ಹಾರೋಬೆಲೆಯಂಥ ಊರುಗಳ ಕ್ರೈಸ್ತರು ಆ ಜೆಸ್ವಿಟರ ಕಾಲದಿಂದ ಬಂದವರು. ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಹೂಡಿದ್ದು 1809ರಲ್ಲಿ. ಲೆಕ್ಕ ಹಾಕಿ ನೋಡಿ, ಯಾರು ಮೊದಲು?

ಇನ್ನು ಅಚ್ಚಿನ ವಿಷಯಕ್ಕೆ ಬಂದರೆ ಪ್ರೆಸ್ಸಿನವನಾದ ನನ್ನ ಬಾಯಿ ಸುಮ್ಮನಿರುವುದಿಲ್ಲ. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ. 1843ರಲ್ಲಿ ಹರ್ಮನ್ ಮೊಗ್ಲಿಂಗ್ 'ಮಂಗಳೂರು ಸಮಾಚಾರ' ತಂದ. 1894ರಲ್ಲಿ ಕಿಟ್ಟೆಲ್‌ನ ನಿಘಂಟು ಹೊರಬಂತು. ಇವರೆಲ್ಲ ಪ್ರಾಟೆಸ್ಟೆಂಟರು, ನಾವು ಕಥೋಲಿಕರು, ಪಂಗಡ ಬೇರೆ. ಆದರೆ ಅಪ್ಪನ ಟ್ರೆಡಲ್ ಮಿಷನ್ನಿನ ಪಕ್ಕ ಕೂತು ಒತ್ತಕ್ಷರದ ಮೊಳೆ ಜೋಡಿಸಿದ ನನಗೆ ಆ ಭೇದ ಅಷ್ಟಾಗಿ ಕಾಣುವುದಿಲ್ಲ. ಕನ್ನಡದ ಅಚ್ಚುಮೊಳೆಗೆ ಬೆವರು ಸುರಿಸಿದವರು ಶಿಲುಬೆಯವರು. ಅದೇ ಶಿಲುಬೆಯ ಮನೆಯಲ್ಲಿ ಇವತ್ತು ಕನ್ನಡಕ್ಕೆ ಸಿಕ್ಕಿರುವ ಜಾಗ ಯಾವುದು?

ನಾನು ಕಂಡ ಜಾಗ ಹೇಳುತ್ತೇನೆ. ಹಬ್ಬದ ಕರಪತ್ರ ಮಾಡಿಸಲು ಧರ್ಮಕೇಂದ್ರದಿಂದ ಬರುತ್ತಾರೆ. ಇಂಗ್ಲಿಷ್ ಮೇಲೆ, ತಮಿಳು ನಡುವೆ, ಕನ್ನಡ ಕೊನೆಯಲ್ಲಿ. ಇಂಗ್ಲಿಷನ್ನು ಮೂರು ಸಲ ಕರಡು ತಿದ್ದುತ್ತಾರೆ. ತಮಿಳಿಗೆ ಓದಿದ ಹಿರಿಯರೊಬ್ಬರು ಕನ್ನಡಕ ಹಾಕಿಕೊಂಡು ಬಂದು ಕೂರುತ್ತಾರೆ. ಕನ್ನಡಕ್ಕೆ? "ನೀವೇ ನೋಡಿ ಹಾಕಿಬಿಡಿ." ಕರ್ನಾಟಕದ ರಾಜಧಾನಿಯ ದೇವಾಲಯದ ಕನ್ನಡವನ್ನು ಪಿಯುಸಿ ಓದಿದ ಪ್ರೆಸ್ಸಿನವನು ರಾತ್ರಿ ಹನ್ನೊಂದು ಗಂಟೆಗೆ ಇಂಗ್ಲಿಷಿನಿಂದ ಅನುವಾದ ಮಾಡುತ್ತಾನೆ! ನನ್ನ ತಪ್ಪು ಹಿಡಿಯುವವರು ಒಬ್ಬರೂ ಇಲ್ಲ. ಒಂದು ವರ್ಷ ಬೇಕೆಂದೇ ಒಂದು ಕಾಗುಣಿತ ತಪ್ಪು ಬಿಟ್ಟೆ. ಹಬ್ಬ ಮುಗಿಯಿತು, ಬಿಲ್ಲೂ ಪಾಸಾಯಿತು.

ಹೀಗೇಕೆ ಆಯಿತು? ಒಂದು ಕಾಲದಲ್ಲಿ ಪೂಜೆ ಲ್ಯಾಟಿನ್ನಿನಲ್ಲಿತ್ತು. ಆಗ ಕನ್ನಡಿಗ, ತಮಿಳ, ಕೊಂಕಣಿಗ, ಎಲ್ಲರೂ ಸಮಾನ ಕಿವುಡರು, ಜಗಳವಿರಲಿಲ್ಲ. 1963ರ ಡಿಸೆಂಬರಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಮಾತಿನಲ್ಲಿ ಪೂಜೆ ಮಾಡಲು ಬಾಗಿಲು ತೆರೆಯಿತು. ಬಾಗಿಲು ತೆರೆದ ದಿನದಿಂದಲೇ ಬೆಂಗಳೂರಿನಲ್ಲಿ ಪ್ರಶ್ನೆ ಹುಟ್ಟಿತು: ಯಾವ ಜನರ ಮಾತು? ದಂಡಿನ ಸುತ್ತ ಮದರಾಸಿನ ಕಡೆಯಿಂದ ಬಂದ ಸಿಪಾಯಿಗಳು, ಬಟ್ಲರುಗಳು, ಕೂಲಿಕಾರರು ಬೆಳೆಸಿದ ತಮಿಳು ಸಭೆಗಳಿದ್ದವು. ಇದೇ ಮಹಾಧರ್ಮಪ್ರಾಂತ್ಯಕ್ಕೆ ಸೇರಿದ ಕೋಲಾರದ ಚಿನ್ನದ ಗಣಿಯಲ್ಲಿಯೂ ತಮಿಳು ಕಾರ್ಮಿಕರೇ. ಮಲ್ಲೇಶ್ವರದ ಸೇಂಟ್ ಪೀಟರ್ಸ್ ಗುರುಮಠ ಕೂಡ 1934ರಲ್ಲಿ ಪಾಂಡಿಚೇರಿಯಿಂದ ಬಂದು ಇಲ್ಲಿ ನೆಲೆಸಿದ್ದು. ಸಂಖ್ಯೆ ಅವರದ್ದು, ಸಂಘಟನೆ ಅವರದ್ದು. ಕನ್ನಡದವರು ಹಳ್ಳಿಗಳಲ್ಲಿ ರಾಗಿ ಬೆಳೆಯುತ್ತಿದ್ದರು.

ಈಗ ಪೀಠದ ಪಟ್ಟಿ ನೋಡೋಣ. ಬೆಂಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರೆಯಾಗಿದ್ದು 1940ರಲ್ಲಿ. ಮೊದಲ ಧರ್ಮಾಧ್ಯಕ್ಷರು ಫ್ರೆಂಚರು. 1953ರಲ್ಲಿ ಮಹಾಧರ್ಮಪ್ರಾಂತ್ಯವಾಯಿತು. ಅಂದಿನಿಂದ ಕೂತವರು: ತೆಲುಗಿನ ಥಾಮಸ್ ಪೋತಕಮೂರಿ. ತಮಿಳಿನ ಲೂರ್ದುಸಾಮಿ, ಅವರು 1971ರಲ್ಲಿ ರೋಮಿಗೆ ಹೋಗಿ ಮುಂದೆ ಕಾರ್ಡಿನಲ್ ಆದರು. ತಮಿಳಿನ ಆರೋಗ್ಯಸ್ವಾಮಿ, ಅವರು 1986ರಲ್ಲಿ ತಂಜಾವೂರಿಗೆ ಹೋದರು. ಅನಂತರ ಅಲ್ಫೋನ್ಸಸ್ ಮಥಾಯಸ್, 1998ರಿಂದ ಇಗ್ನೇಷಿಯಸ್ ಪಿಂಟೊ, 2004ರಿಂದ ಬರ್ನಾರ್ಡ್ ಮೊರಾಸ್, 2018ರಿಂದ ಪೀಟರ್ ಮಚಾಡೊ. ಈ ನಾಲ್ವರೂ ಕರಾವಳಿಯ ಕೊಂಕಣಿ ಮನೆಗಳಿಂದ ಬಂದವರು. ಏಳು ಜನ, ಎಪ್ಪತ್ತು ವರ್ಷ ದಾಟಿತು. ಬಯಲುಸೀಮೆಯ, ಮನೆಮಾತು ಕನ್ನಡದ ಹಳ್ಳಿಯಿಂದ ಬಂದವರು ಎಷ್ಟು? ಸೊನ್ನೆ!

ತಕ್ಷಣ ಒಂದು ಮಾತು. ಕೊಂಕಣಿ ಮನೆಯವರು ನಮಗೆ ಹೊರಗಿನವರಲ್ಲ. ಅವರು ಈ ನಾಡಿನವರು, ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವವರು. ಮೇಲಿನ ನಾಲ್ವರಿಗೆ ಕನ್ನಡ ಬಾರದೆಂದು ನಾನು ಹೇಳಿದರೆ ನನ್ನ ನಾಲಿಗೆ ಬಿದ್ದು ಹೋಗಲಿ. ಕೊಂಕಣಿಯವರು ಮುಂದೆ ಬಂದದ್ದಕ್ಕೆ ಕಾರಣವೂ ಇದೆ. ಮಂಗಳೂರಿನಲ್ಲಿ 1879ರಲ್ಲೇ ಜೆಪ್ಪುವಿನ ಗುರುಮಠ ಶುರುವಾಯಿತು, ಮರುವರ್ಷ ಸಂತ ಅಲೋಶಿಯಸ್ ಕಾಲೇಜು ಬಂತು. ಓದಿದರು, ಗುರುಗಳಾದರು, ಕನ್ಯಾಸ್ತ್ರೀಯರಾದರು, ದೇಶವೆಲ್ಲ ಹಬ್ಬಿದರು. ಅದಕ್ಕೆ ಹೊಟ್ಟೆಕಿಚ್ಚು ಪಟ್ಟು ಏನು ಪ್ರಯೋಜನ?

ಆದರೆ ಕೊಂಕಣಿ ಬಂಧುಗಳೇ, ನಿಮಗೆ ಒಂದು ಊರನ್ನು ನೆನಪು ಮಾಡುತ್ತೇನೆ. ಗೋವಾ. ಅಲ್ಲಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 16ನೇ ಶತಮಾನದಲ್ಲಿ. ಗೋವಾದವರೇ ಒಬ್ಬರು, ರಾವುಲ್ ಗೊನ್ಸಾಲ್ವಿಸ್, ಅಲ್ಲಿ ಮಹಾಧರ್ಮಾಧ್ಯಕ್ಷರಾದದ್ದು 1978ರಲ್ಲಿ! ನಾನೂರು ವರ್ಷಕ್ಕೂ ಹೆಚ್ಚು ಕಾಲ ಆ ನೆಲದ ಮಗನಿಗೆ ಆ ಕುರ್ಚಿಗೆ ಏರುವ ಯೋಗ್ಯತೆ ಇರಲಿಲ್ಲವೇ? ಇತ್ತು. ಕೊಡಲಿಲ್ಲ. ಆ ನೋವು ಕೊಂಕಣಿಯವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಹಾರೋಬೆಲೆಯವನು ಅದೇ ಪ್ರಶ್ನೆ ಕೇಳಿದಾಗ "ಇದು ಭಾಷಾಂಧತೆ" ಎಂದು ಬಾಯಿ ಮುಚ್ಚಿಸಬೇಡಿ.

"ಚರ್ಚಿನಲ್ಲಿ ಭಾಷೆ ತರಬೇಡಿ, ದೇವರಿಗೆ ಭಾಷೆಯಿಲ್ಲ" ಎಂಬ ಉಪದೇಶವೂ ಸಿಗುತ್ತದೆ. ಬಹಳ ಚೆಂದ. ಹಾಗಾದರೆ ಮಂಡ್ಯದ ಕಥೆ ಕೇಳಿ. ಕನ್ನಡವಲ್ಲದೆ ಬೇರೆ ಮಾತು ಕಿವಿಗೆ ಬೀಳದ ಮಂಡ್ಯದ ಹೆಸರಿನಲ್ಲಿ 2010ರಲ್ಲಿ ಸಿರೋ ಮಲಬಾರ್ ಸಭೆಯ ಒಂದು ಧರ್ಮಪ್ರಾಂತ್ಯ ಆಯಿತು. ಕೇರಳ ಮೂಲದ ಸಭೆ ಅದು, ಧರ್ಮಾಧ್ಯಕ್ಷರೂ ಕೇರಳದವರು. 2015ರಲ್ಲಿ ಬೆಂಗಳೂರಿನ ಸಿರೋ ಮಲಬಾರ್ ವಿಶ್ವಾಸಿಗಳನ್ನೂ ಅದರ ಕೆಳಗೆ ತಂದರು. ಇದು ಪೂಜಾವಿಧಿಯ ವಿಷಯ, ಭಾಷೆಯದ್ದಲ್ಲ ಎನ್ನುತ್ತಾರೆ. ಒಪ್ಪಿದೆ, ಅವರ ಪೂಜಾವಿಧಿ ಪುರಾತನವಾದದ್ದು, ಅವರ ಹಕ್ಕು ಅವರಿಗೆ. ಆದರೆ ಒಂದು ಸಮುದಾಯದವರು ತಮ್ಮ ಸಂಪ್ರದಾಯಕ್ಕೆ ತಕ್ಕ ಕುರುಬನನ್ನು ಕೇಳಿದರೆ ರೋಮಿನವರು ಹೊಸ ಧರ್ಮಪ್ರಾಂತ್ಯವನ್ನೇ ಕಟ್ಟಿಕೊಡಬಲ್ಲರು ಎಂದಾಯಿತಲ್ಲ? ನಾವು ಹೊಸ ಮನೆ ಕೇಳುತ್ತಿಲ್ಲ. ಇರುವ ಮನೆಯ ನಡುಕೋಣೆಗೆ ಬರಲು ಬಿಡಿ ಎನ್ನುತ್ತಿದ್ದೇವೆ.

ಮಹಾಧರ್ಮಾಧ್ಯಕ್ಷರನ್ನು ಆರಿಸುವ ಬಗೆ ನಮ್ಮ ಜನಕ್ಕೆ ಗೊತ್ತೇ ಇಲ್ಲ, ಅದನ್ನು ಬಿಡಿಸಿ ಹೇಳುವುದು ನನ್ನ ಈ ಬರಹದ ಮುಖ್ಯ ಕೆಲಸ. 1983ರ ಧರ್ಮಸಭೆಯ ಕಾನೂನು, 377ನೇ ವಿಧಿ. ಮೂರು ವರ್ಷಕ್ಕೊಮ್ಮೆಯಾದರೂ ಒಂದು ಪ್ರಾಂತದ ಧರ್ಮಾಧ್ಯಕ್ಷರು ಒಟ್ಟಾಗಿ, ಗುಟ್ಟಾಗಿ, ಯಾವ ಗುರುಗಳು ಆ ಪದವಿಗೆ ಯೋಗ್ಯರು ಎಂದು ಪಟ್ಟಿ ಮಾಡಿ ರೋಮಿಗೆ ಕಳಿಸುತ್ತಾರೆ. ಪೀಠ ಖಾಲಿಯಾದಾಗ ದಿಲ್ಲಿಯಲ್ಲಿರುವ ಪೋಪರ ರಾಯಭಾರಿ ವಿಚಾರಣೆ ನಡೆಸಿ ಮೂರು ಹೆಸರು ಕಳಿಸುತ್ತಾರೆ. ಯಾರನ್ನು ಕೇಳಿ? ಪ್ರಾಂತದ ಧರ್ಮಾಧ್ಯಕ್ಷರನ್ನು, ಧರ್ಮಾಧ್ಯಕ್ಷರ ಮಂಡಳಿಯ ಅಧ್ಯಕ್ಷರನ್ನು, ಧರ್ಮಪ್ರಾಂತ್ಯದ ಸಲಹಾ ಮಂಡಳಿಯ ಕೆಲವು ಗುರುಗಳನ್ನು. ಮತ್ತೆ ಜನಸಾಮಾನ್ಯರನ್ನು? ರಾಯಭಾರಿಗೆ ಸರಿ ಎನ್ನಿಸಿದರೆ, ವಿವೇಕಿಗಳಾದ ಕೆಲವು ಶ್ರೀಸಾಮಾನ್ಯರ ಅಭಿಪ್ರಾಯವನ್ನು, ಒಬ್ಬೊಬ್ಬರನ್ನಾಗಿ, ಗುಟ್ಟಾಗಿ ಪಡೆಯಬಹುದು. ಅಷ್ಟೇ. ಕೊನೆಗೆ ಪೋಪರ ಸಹಿ.

ಈಗ ಗೊತ್ತಾಯಿತೇ ಸೂತ್ರ? ಕುರ್ಚಿಯಲ್ಲಿರುವವರೇ ಪಟ್ಟಿ ಬರೆಯುತ್ತಾರೆ. ಅವರಿಗೆ ಗೊತ್ತಿರುವುದು ಅವರ ಜೊತೆ ಓದಿದವರು, ಅವರ ಕಚೇರಿಯಲ್ಲಿ ಕೆಲಸ ಮಾಡಿದವರು, ರೋಮಿಗೆ ಹೋಗಿ ಡಾಕ್ಟರೇಟ್ ಮಾಡಿ ಬಂದವರು. ಹಳ್ಳಿಯ ಧರ್ಮಕೇಂದ್ರದಲ್ಲಿ ಇಪ್ಪತ್ತು ವರ್ಷ ಬೈಕಿನ ಮೇಲೆ ಓಡಾಡಿ, ಕನ್ನಡದಲ್ಲಿ ಪ್ರಬೋಧನೆ ಮಾಡಿ ಸವೆದ ಗುರುವಿನ ಹೆಸರು ಆ ಪಟ್ಟಿಗೆ ಹೇಗೆ ಬರುತ್ತದೆ? ಯಾರೂ ಕೇಡು ಬಗೆಯಬೇಕಾಗಿಲ್ಲ, ಯಾರೂ ಸಂಚು ಮಾಡಬೇಕಾಗಿಲ್ಲ. ಬಿಟ್ಟರೆ ಅದು ತನ್ನಷ್ಟಕ್ಕೆ ಹೀಗೆಯೇ ಉರುಳುತ್ತದೆ. ನಮ್ಮ ಪ್ರೆಸ್ಸಿನಲ್ಲಿ ಹಳೇ ಪ್ಲೇಟು ಹಾಕಿ ಮಿಷನ್ ಓಡಿಸಿದರೆ ಸಾವಿರ ಕಾಪಿಯೂ ಅದೇ ಬರುವುದಿಲ್ಲವೇ, ಹಾಗೆ.

ನಮ್ಮ ಸಂಘಟನೆಯ ಗೆಳೆಯರು ಸರ್ಕಾರಕ್ಕೆ ಮನವಿ ಕೊಡೋಣ ಎನ್ನುತ್ತಾರೆ. ಬೇಡಿ. ಅದೇ 377ನೇ ವಿಧಿಯ ಕೊನೆಯಲ್ಲಿ, ಧರ್ಮಾಧ್ಯಕ್ಷರ ನೇಮಕದಲ್ಲಿ ಯಾವ ಸರ್ಕಾರಕ್ಕೂ ಇನ್ನು ಮುಂದೆ ಹಕ್ಕು ಕೊಡುವುದಿಲ್ಲ ಎಂದಿದೆ. ನಮ್ಮ ಸಂವಿಧಾನದ 26ನೇ ವಿಧಿಯೂ ಧಾರ್ಮಿಕ ವಿಷಯದಲ್ಲಿ ಪಂಗಡಗಳಿಗೆ ಅವರವರ ಆಡಳಿತ ಬಿಟ್ಟಿದೆ. ವಿಧಾನಸೌಧದ ಮೆಟ್ಟಿಲು ಹತ್ತಿದರೆ ನಮ್ಮ ಚಪ್ಪಲಿ ಸವೆಯುತ್ತದೆ, ಯಾರಾದರೊಬ್ಬ ಮರಿಪುಢಾರಿಗೆ ಫೋಟೋ ಸಿಗುತ್ತದೆ. ಅದಕ್ಕಿಂತ ದೊಡ್ಡ ಅಪಾಯವೂ ಇದೆ. 2020ರ ಜನವರಿಯಲ್ಲಿ ಹಾರೋಬೆಲೆಯ ಕಪಾಲಿಬೆಟ್ಟದ ಯೇಸು ಪ್ರತಿಮೆ ವಿರೋಧಿಸಿ ಕನಕಪುರದಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ಮುನ್ನೂರು ವರ್ಷದಿಂದ ಅದೇ ಮಣ್ಣು ಉತ್ತವರಿಗೆ "ನೀವು ಈ ನೆಲದವರೇ?" ಎಂಬ ಪ್ರಶ್ನೆ ಬಂತು. ಬೀದಿಯಲ್ಲಿ ಕ್ರೈಸ್ತ ಎಂಬ ಕಾರಣಕ್ಕೆ ಪರಕೀಯ, ಚರ್ಚಿನಲ್ಲಿ ಕನ್ನಡದವನು ಎಂಬ ಕಾರಣಕ್ಕೆ ಹಿಂದಿನ ಬೆಂಚು. ಈ ಎರಡರ ನಡುವೆ ಸಿಕ್ಕಿಕೊಂಡವನ ಕೈಗೆ ಮೂರನೆಯವರು ಬಂದು ಕಲ್ಲು ಕೊಡಲು ಕಾದಿರುತ್ತಾರೆ. ತೆಗೆದುಕೊಳ್ಳಬೇಡಿ.

ಕಲ್ಲಿನ ಮಾತು ಬಂತು, ಕಹಿಯಾದ ಇನ್ನೊಂದನ್ನೂ ಹೇಳಿಯೇ ಬಿಡುತ್ತೇನೆ. 2013ರ ಈಸ್ಟರ್ ಹೊತ್ತಿನಲ್ಲಿ ಸೇಂಟ್ ಪೀಟರ್ಸ್ ಗುರುಮಠದ ಮುಖ್ಯಸ್ಥರಾಗಿದ್ದ ಫಾದರ್ ಕೆ.ಜೆ. ಥಾಮಸ್ ಅವರ ಕೊಲೆ ಗುರುಮಠದೊಳಗೇ ಆಯಿತು. ಅವರು ಕೇರಳದವರು. ಮರುವರ್ಷ ಪೊಲೀಸರು ಬಂಧಿಸಿದವರಲ್ಲಿ ಗುರುಗಳೂ ಇದ್ದರು. ಯಾರು ಅಪರಾಧಿ ಎಂದು ಹೇಳುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ಆದರೆ ಅಂದಿನಿಂದ ಕನ್ನಡ ಎಂದು ಬಾಯಿ ತೆರೆದ ಪ್ರತಿಯೊಬ್ಬನನ್ನೂ ಜನ ಒಂದು ತರಹ ನೋಡತೊಡಗಿದರು. ಪಾಲನಾ ಸಮಿತಿಯ ಸಭೆಯಲ್ಲಿ ನಾನು ಕನ್ನಡ ಪೂಜೆಯ ಸಮಯ ಬದಲಿಸಿ ಎಂದು ಕೇಳಿದಾಗ ಒಬ್ಬ ಹಿರಿಯರು ಕೈ ಮುಗಿದು "ಬೇಡಪ್ಪಾ, ಆ ಜಗಳ ಮತ್ತೆ ಬೇಡ" ಎಂದರು. ಮುದುಕರ ಕೈ ನಡುಗುತ್ತಿತ್ತು. ನಾನು ಕೂತುಬಿಟ್ಟೆ. ಒಬ್ಬ ಗುರುವಿನ ರಕ್ತ ಬಿದ್ದ ಮೇಲೆ ನಮ್ಮ ನ್ಯಾಯವಾದ ಬೇಡಿಕೆಯೂ ಹತ್ತು ವರ್ಷ ಹಿಂದಕ್ಕೆ ಹೋಯಿತು. ಕನ್ನಡಕ್ಕೆ ಇದಕ್ಕಿಂತ ದೊಡ್ಡ ದ್ರೋಹ ಇನ್ನಾವುದು?

ಆದ್ದರಿಂದ, ಮಸಿ ಡಬ್ಬ ಹಿಡಿದು ಶಿವಾಜಿನಗರಕ್ಕೆ ಹೊರಡುವ ಉತ್ಸಾಹಿಗಳು ಸ್ವಲ್ಪ ನಿಲ್ಲಿ. ಸೆಪ್ಟೆಂಬರ್ 8ರ ಮಾತೆಯ ತೇರಿಗೆ ಬಂದು ಮೇಣದ ಬತ್ತಿ ಹಚ್ಚುವ ತಮಿಳು ಹೆಂಗಸು ಯಾರದೋ ಮನೆಯ ಪಾತ್ರೆ ತೊಳೆದು ಬಂದಿರುತ್ತಾಳೆ. ಮಹಾಧರ್ಮಾಧ್ಯಕ್ಷರನ್ನು ನೇಮಿಸಿದ್ದು ಅವಳಲ್ಲ. ಆ ಮೂರು ಹೆಸರು ಕಳಿಸುವಾಗ ಯಾರೂ ಅವಳನ್ನೂ ಕೇಳಲಿಲ್ಲ. ಅವಳ ತಾಯಿಮಾತಿನ ಪೂಜೆ ಕಿತ್ತು ನಮಗೆ ಕೊಡಿ ಎಂದು ನಾನು ಕೇಳುವುದಿಲ್ಲ. ಹಾಗೆ ಕೇಳಿದರೆ ನಮ್ಮವ್ವನ ಪೆಟ್ಟಿಗೆಯ ಮುಂದೆ ಆದದ್ದನ್ನೇ ಅವಳಿಗೂ ಮಾಡಿದ ಹಾಗಾಗುತ್ತದೆ. ನಿಜ ಹೇಳಬೇಕೆಂದರೆ, ತಮಿಳರು ಕನ್ನಡಿಗರು ಕಚ್ಚಾಡಿದಾಗಲೆಲ್ಲ ಲಾಭವಾದದ್ದು ಇಂಗ್ಲಿಷಿಗೆ. "ಇಬ್ಬರಿಗೂ ಬೇಡ, ಇಂಗ್ಲಿಷ್ ಇರಲಿ" ಎಂಬುದು ಬೆಂಗಳೂರಿನ ಪ್ರಸಿದ್ಧ ರಾಜಿ. ಈಗ ನಮ್ಮ ಮಕ್ಕಳೂ ಅವರ ಮಕ್ಕಳೂ ಇಂಗ್ಲಿಷ್ ಪೂಜೆಯಲ್ಲಿ ಅಕ್ಕಪಕ್ಕ ಕೂತು ಗಿಟಾರ್ ಕೇಳುತ್ತಾರೆ.

ಇದೆಲ್ಲ ಹೊಸ ಸಮಸ್ಯೆ ಎಂದು ಯಾರೂ ಹೇಳುವಂತಿಲ್ಲ. ಧರ್ಮಸಭೆ ಹುಟ್ಟಿದ ಊರಲ್ಲೇ ಈ ಜಗಳ ಆಗಿದೆ. ಪ್ರೇಷಿತರ ಕಾರ್ಯಕಲಾಪಗಳ ಆರನೇ ಅಧ್ಯಾಯ ತೆಗೆದು ನೋಡಿ. ಜೆರುಸಲೇಮಿನಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವಾಗ ಸರಿಯಾಗಿ ಸಿಗುತ್ತಿಲ್ಲ ಎಂದು ಗೊಣಗಾಟ ಎದ್ದಿತು. ಪ್ರೇಷಿತರು ಏನು ಮಾಡಿದರು? "ಭಾಷೆ ತರಬೇಡಿ" ಎಂದರೇ? ಗೊಣಗುವವರನ್ನು ಪಂಗಡದ್ರೋಹಿಗಳು ಎಂದರೇ? ಸಭೆ ಕರೆದರು. ಏಳು ಜನರನ್ನು ನೀವೇ ಆರಿಸಿ ಎಂದು ಜನರಿಗೇ ಹೇಳಿದರು. ಜನ ಆರಿಸಿದ ಏಳು ಹೆಸರು ನೋಡಿ: ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು! ಯಾರ ಹೊಟ್ಟೆಗೆ ಅನ್ಯಾಯವಾಗಿತ್ತೋ ಅವರ ಕಡೆಯವರ ಕೈಗೇ ಸೌಟು ಕೊಟ್ಟರು. ಆರಿಸಿದವರು ಜನ, ಕೈಯಿಟ್ಟು ಹರಸಿದವರು ಪ್ರೇಷಿತರು. ದಿಲ್ಲಿಯ ರಾಯಭಾರಿ ಕಚೇರಿಯಲ್ಲಿ ಈ ಅಧ್ಯಾಯ ಓದುವುದಿಲ್ಲವೇ?

ರೋಮಿಗೂ ಇದು ಗೊತ್ತಿಲ್ಲದ ಸಂಗತಿಯಲ್ಲ. ಮಿಷನರಿ ದೇಶಗಳಲ್ಲಿ ಆ ನೆಲದ ಗುರುಗಳನ್ನೇ ಬೆಳೆಸಿ ಎಂದು 1926ರಲ್ಲಿ ಹನ್ನೊಂದನೇ ಪಿಯುಸ್ ಪೋಪರು ಪತ್ರ ಬರೆದರು, ಅದೇ ವರ್ಷ ಆರು ಜನ ಚೀನೀಯರಿಗೆ ತಾವೇ ಧರ್ಮಾಧ್ಯಕ್ಷರ ದೀಕ್ಷೆ ಕೊಟ್ಟರು. ಅದಕ್ಕೂ ಮೂರು ವರ್ಷ ಮುಂಚೆ ತೂತ್ತುಕುಡಿಗೆ ಅಲ್ಲಿನ ನೆಲದ ಮಗ ಟಿಬೂರ್ಷಿಯಸ್ ರೋಚ್ ಬಂದಿದ್ದರು. ತೀರಾ ಈಚೆಗೆ, 2022ರಲ್ಲಿ, ಪಕ್ಕದ ಹೈದರಾಬಾದಿನ ಪೂಲ ಅಂತೋನಿಯವರನ್ನು ಪೋಪ್ ಫ್ರಾನ್ಸಿಸ್ ಕಾರ್ಡಿನಲ್ ಮಾಡಿದರು. ದಲಿತರಲ್ಲಿ ಮೊದಲಿಗರು, ತೆಲುಗರಲ್ಲಿಯೂ ಮೊದಲಿಗರು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಈಗಿನ ಮಹಾಧರ್ಮಾಧ್ಯಕ್ಷರು ಹುಟ್ಟಿದ್ದು 1954ರಲ್ಲಿ. ಧರ್ಮಸಭೆಯ ಕಾನೂನಿನ ಪ್ರಕಾರ ಎಪ್ಪತ್ತೈದು ತುಂಬಿದವರು ರಾಜೀನಾಮೆ ಸಲ್ಲಿಸಬೇಕು. ಅಂದರೆ 2029. ಅಷ್ಟರೊಳಗೆ ಕೆಲಸ ಆಗಬೇಕು. ಮೂರು ಹೆಸರು ದಿಲ್ಲಿಯಿಂದ ಹೊರಟ ಮೇಲೆ ಧರಣಿ ಕೂತರೆ ಯಾರಿಗೂ ಕೇಳಿಸುವುದಿಲ್ಲ. ಮೊದಲು ಧರ್ಮಕೇಂದ್ರವಾರು ಮನೆಮಾತಿನ ಲೆಕ್ಕ ತೆಗೆದು ಅಚ್ಚು ಹಾಕಿ ಹಂಚಲಿ, ಪುಕ್ಕಟೆ ಅಚ್ಚು ಹಾಕಿಕೊಡಲು ನಾನು ಸಿದ್ಧ. ಕನ್ನಡದವರು ಕಡಿಮೆ ಎಂದಾದರೆ ಕಡಿಮೆ ಎಂದೇ ಗೊತ್ತಾಗಲಿ. ಸಂಖ್ಯೆ ಕಡಿಮೆಯಿದ್ದರೂ ನೆಲದ ಮಾತಿಗೆ ಒಂದು ಹಕ್ಕಿದೆ ಎಂದು ಆಗಲೂ ವಾದಿಸುತ್ತೇನೆ. ಇನ್ನು 377ನೇ ವಿಧಿಯ ಆ 'ಸರಿ ಎನ್ನಿಸಿದರೆ' ಎಂಬ ಸಣ್ಣ ಕಿಂಡಿ ಇದೆಯಲ್ಲ, ಅದರೊಳಗೆ ನಮ್ಮ ಕಾಗದ ತೂರಬೇಕು. ಕನಕಪುರ, ಆನೇಕಲ್, ತುಮಕೂರು ಕಡೆಯ ಪ್ರತಿ ಕನ್ನಡ ಧರ್ಮಕೇಂದ್ರದಿಂದ, ಉಪದೇಶಿ, ಮೇಷ್ಟರು, ಸ್ವಸಹಾಯ ಸಂಘದ ಅಕ್ಕಂದಿರು ತಮ್ಮ ಹೆಸರು ಸಹಿ ಹಾಕಿ, ನಮಗೆ ಬೇಕಾದ ಕುರುಬ ಎಂಥವನು ಎಂದು ರಾಯಭಾರಿಗೆ ನೇರವಾಗಿ ಬರೆಯಬೇಕು. ಕನ್ನಡದಲ್ಲೇ ಬರೆಯಿರಿ. ಅನುವಾದ ಮಾಡಿಕೊಳ್ಳುವ ಕಷ್ಟ ಈ ಸಲ ಅವರಿಗಿರಲಿ.

ಹೋದ ತಿಂಗಳು ಅದೇ ಧರ್ಮಕೇಂದ್ರದವರು ಹಬ್ಬದ ಕರಪತ್ರಕ್ಕೆ ಬಂದಿದ್ದರು. ಈ ಸಲ ಕನ್ನಡವನ್ನು ಮೇಲಕ್ಕೆ ಹಾಕಿ ಕರಡು ತೆಗೆದುಕೊಟ್ಟಿದ್ದೇನೆ. ತಿದ್ದಿ ಕಳಿಸುತ್ತೇವೆ ಎಂದು ತೆಗೆದುಕೊಂಡು ಹೋದರು. ಇನ್ನೂ ವಾಪಸ್ಸು ಬಂದಿಲ್ಲ.